ಫೈನಲ್ ಆಡಿದ ತಂಡ ಮರುವರ್ಷವೇ ಹನ್ನೆರಡನೇ ಸ್ಥಾನಕ್ಕೆ: ತಪ್ಪು ಕೋಚ್‌ದೋ, ಬೇರೆಲ್ಲೋ?

ಪ್ರಶ್ನೆ: ನಮ್ಮದು ಹಾಸನ ಕಡೆ. ಎಂಟು ವರ್ಷದಿಂದ ಬ್ರಿಸ್ಬೇನ್‌ನಲ್ಲಿದ್ದೇವೆ. ಹನ್ನೆರಡು ವರ್ಷದ ಮಗನಿಗೆ ರಗ್ಬಿ ಲೀಗ್ ಅಂದರೆ ಪ್ರಾಣ, ಅದರಲ್ಲೂ ಬ್ರಾಂಕೋಸ್. 2023ರ ಫೈನಲ್‌ನಲ್ಲಿ 24–8ರಿಂದ ಮುಂದಿದ್ದೂ ಪೆನ್ರಿತ್‌ಗೆ ಸೋತ ರಾತ್ರಿ ಅವನು ಊಟ ಮಾಡಲಿಲ್ಲ. ಮರುವರ್ಷ ತಂಡ ಹನ್ನೆರಡನೇ ಸ್ಥಾನಕ್ಕೆ ಇಳಿಯಿತು, ಕೋಚ್ ಕೆವಿನ್ ವಾಲ್ಟರ್ಸ್ ಅವರನ್ನು ಕಳಿಸಿಬಿಟ್ಟರು. 2025ರಲ್ಲಿ ಹೊಸ ಕೋಚ್ ಬಂದು, ಹೆಚ್ಚುಕಡಿಮೆ ಅದೇ ಹುಡುಗರನ್ನು ಇಟ್ಟುಕೊಂಡು ಕಪ್ ಗೆದ್ದರು. ಹಾಗಾದರೆ ತಪ್ಪೆಲ್ಲ ಹಳೇ ಕೋಚ್‌ದೇ ಅಲ್ಲವೇ? ಆಫೀಸಿನಲ್ಲಿ ಕೆಲವರು ಫೈನಲ್ ಸೋತ ನೋವು ತಲೆಯಿಂದ ಇಳಿದಿರಲಿಲ್ಲ ಅನ್ನುತ್ತಾರೆ, ಕೆಲವರು ಎಲ್ಲ ಗಾಯದಿಂದ ಅನ್ನುತ್ತಾರೆ. ನಮಗೆ ಕ್ರಿಕೆಟ್, ಕಬಡ್ಡಿ ಗೊತ್ತು, ಈ ಆಟದ ಒಳಗು ಗೊತ್ತಿಲ್ಲ. ತಂಡ ನಿಜಕ್ಕೂ ಕುಸಿಯುತ್ತಿದೆಯೋ, ಅಥವಾ ಎರಡು ವಾರದ ಕೆಟ್ಟ ಆಟವೋ ಎಂದು ಮನೆಯಲ್ಲಿ ಟೀವಿ ಮುಂದೆ ಕೂತು ತಿಳಿಯುವುದು ಹೇಗೆ?

ಉತ್ತರ: ಮೊದಲು ಅಂಕಪಟ್ಟಿಯನ್ನೇ ಸರಿಯಾಗಿ ನೋಡೋಣ. ‘ಎರಡರಿಂದ ಹನ್ನೆರಡಕ್ಕೆ’ ಅಂದಾಗ ತಂಡ ಛಿದ್ರವಾಯಿತು ಅನ್ನಿಸುತ್ತದೆ. 2023ರಲ್ಲಿ ಬ್ರಾಂಕೋಸ್ 24 ಪಂದ್ಯಗಳಲ್ಲಿ 18 ಗೆದ್ದು, ಅಂಕಗಳ ವ್ಯತ್ಯಾಸದಲ್ಲಷ್ಟೇ ಪೆನ್ರಿತ್‌ಗಿಂತ ಕೆಳಗಿದ್ದರು. 2024ರಲ್ಲಿ ಗೆದ್ದದ್ದು 10, ಸೋತದ್ದು 14. ಅದೇ ವರ್ಷ ಎಂಟನೆಯ ಸ್ಥಾನ ಹಿಡಿದು ಫೈನಲ್ಸ್ ಹಂತಕ್ಕೆ (ಮೊದಲ ಎಂಟು ತಂಡಗಳ ಪ್ಲೇಆಫ್‌ಗೆ) ಹೋದ ನ್ಯೂಕ್ಯಾಸಲ್ ಗೆದ್ದದ್ದು 12. ಅಂದರೆ ಪ್ಲೇಆಫ್ ಗೆರೆಗೂ ಬ್ರಾಂಕೋಸ್‌ಗೂ ನಡುವೆ ಇದ್ದದ್ದು ಎರಡೇ ಗೆಲುವು. ಆದ್ದರಿಂದ ನಾವು ಹುಡುಕಬೇಕಾದದ್ದು 18ರಿಂದ 10ಕ್ಕೆ ಇಳಿದಾಗ ಕೈಬಿಟ್ಟ ಆ ಎಂಟು ಗೆಲುವು ಎಲ್ಲಿ ಹೋದವು ಎಂಬುದನ್ನು. ಅವೆಲ್ಲ ಒಂದೇ ಕಡೆ ಹೋಗಲಿಲ್ಲ.

‘ಫೈನಲ್ ಸೋತ ನೋವು’ ಎಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಮನಸ್ಸಿಗೆ ಪೆಟ್ಟು ಬೀಳುವುದು ಸುಳ್ಳಲ್ಲ. ಆದರೆ ಅದು ಮುಂದಿನ ಸೀಸನ್ನನ್ನು ಕೆಡಿಸುತ್ತದೆ ಎನ್ನುವುದಾದರೆ 2020ರ ಫೈನಲ್ ಸೋತ ಪೆನ್ರಿತ್ ಮರುವರ್ಷ ಚಾಂಪಿಯನ್ ಆದದ್ದು ಹೇಗೆ? 2024ರ ಫೈನಲ್ ಸೋತ ಮೆಲ್ಬರ್ನ್ ಸ್ಟಾರ್ಮ್ 2025ರಲ್ಲಿ ಮತ್ತೆ ಫೈನಲ್‌ಗೆ ಬಂದದ್ದು ಹೇಗೆ? ಇನ್ನೊಂದು ಕಡೆ, 2022ರ ಫೈನಲ್ ಸೋತ ಪ್ಯಾರಮ್ಯಾಟ ಮರುವರ್ಷ ಹತ್ತನೇ ಸ್ಥಾನಕ್ಕೆ ಇಳಿಯಿತು. ಪ್ಯಾರಮ್ಯಾಟದಲ್ಲಿ ಆ ಸೀಸನ್ನಿಗೂ ಮುಂದಿನ ಸೀಸನ್ನಿಗೂ ನಡುವೆ ಏನಾಗಿತ್ತು ನೋಡಿ: ಐಸಾಯ ಪಪಾಲಿಯಿ, ಮರಾಟ ನಿಯುಕೋರೆ ಎಂಬ ಇಬ್ಬರು ಫಾರ್ವರ್ಡ್‌ಗಳೂ (ಚೆಂಡು ಹಿಡಿದು ಎದುರಾಳಿಯ ಸಾಲಿಗೆ ನುಗ್ಗುವ ಬಲಿಷ್ಠರು) ಹುಕರ್ (ಪ್ರತಿ ಟ್ಯಾಕಲ್ ಆದ ಮೇಲೆ ಚೆಂಡನ್ನು ಎತ್ತಿ ಪಾಸ್ ಮಾಡುವವನು) ರೀಡ್ ಮಹೋನಿಯೂ ಬೇರೆ ಕ್ಲಬ್‌ಗಳಿಗೆ ಹೋಗಿದ್ದರು. ಬ್ರಾಂಕೋಸ್ ಕಥೆಯೂ ಹೆಚ್ಚುಕಡಿಮೆ ಇದೇ. ಟಾಮ್ ಫ್ಲೆಗ್ಲರ್ ಮತ್ತು ಹರ್ಬಿ ಫಾರ್ನ್‌ವರ್ತ್ ಪಕ್ಕದ ಡಾಲ್ಫಿನ್ಸ್‌ಗೆ ಹೋದರು, ಕರ್ಟ್ ಕೇಪ್‌ವೆಲ್ ನ್ಯೂಜಿಲೆಂಡ್ ವಾರಿಯರ್ಸ್‌ಗೆ, ಕೀನನ್ ಪಲಾಸಿಯಾ ಗೋಲ್ಡ್ ಕೋಸ್ಟ್ ಟೈಟನ್ಸ್‌ಗೆ. ಹಾಗಾಗಿ 2024ರಲ್ಲಿ ಆಡಿದ್ದು ‘ಅದೇ ತಂಡ’ ಅಲ್ಲ. ನಿಮ್ಮ ಮಗನಿಗೆ ಮೊದಲು ಹೇಳಬೇಕಾದ ಮಾತು ಇದು.

ಯಾಕೆ ಬಿಟ್ಟರು ಎಂದರೆ, ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೆ ಇಲ್ಲಿಯೂ ಸಂಬಳಕ್ಕೆ ಮಿತಿಯಿದೆ. ಮೂವತ್ತು ಜನರ ಮುಖ್ಯ ಪಟ್ಟಿ ಆ ಮಿತಿಯೊಳಗೆ ಕೂರಬೇಕು. ಎಳೆಯ ಹುಡುಗರು ಒಟ್ಟಿಗೇ ಬೆಳೆದು ಗೆಲ್ಲತೊಡಗಿದರೆ ಎಲ್ಲರ ಬೆಲೆಯೂ ಒಟ್ಟಿಗೇ ಏರುತ್ತದೆ, ಎಲ್ಲರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ಒಪ್ಪಂದ ಮುಗಿಯುವ ಆಟಗಾರ ಅದರ ಹಿಂದಿನ ನವೆಂಬರ್ 1ರಿಂದಲೇ ಬೇರೆ ಕ್ಲಬ್ ಜೊತೆ ಮಾತಾಡಬಹುದು. ಫ್ಲೆಗ್ಲರ್, ಫಾರ್ನ್‌ವರ್ತ್ ಹೋಗುವುದು 2023ರ ಫೈನಲ್‌ಗೆ ಬಹಳ ಮುಂಚೆಯೇ ಇತ್ಯರ್ಥವಾಗಿತ್ತು. ಗೆಲುವಿನ ಬೆಲೆಯನ್ನು ಕ್ಲಬ್‌ಗಳು ಹೀಗೆಯೇ ತೆರುತ್ತವೆ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ.

ನಾಲ್ಕು ಜನ ಹೋದರೆ ಎಂಟು ಗೆಲುವು ಹೋಗುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಈ ಆಟದ ಒಳಗು ಇರುವುದೇ ಇಲ್ಲಿ.

ಎದುರಾಳಿ ಒದ್ದ ಚೆಂಡನ್ನು ನಿಮ್ಮ ಫುಲ್‌ಬ್ಯಾಕ್ (ಎಲ್ಲರಿಗಿಂತ ಹಿಂದೆ ನಿಲ್ಲುವವನು) ತನ್ನ ಗೋಲ್ ಗೆರೆಯಿಂದ ಹತ್ತು ಮೀಟರ್ ದೂರದಲ್ಲಿ ಹಿಡಿದ ಅಂದುಕೊಳ್ಳಿ. ಇಲ್ಲಿಂದ ಆರು ಟ್ಯಾಕಲ್ ಲೆಕ್ಕ. ಕಬಡ್ಡಿಯಲ್ಲಿ ರೈಡರ್ ಸಿಕ್ಕಿಬಿದ್ದರೆ ಔಟ್. ಇಲ್ಲಿ ಸಿಕ್ಕಿಬಿದ್ದವನು ಎದ್ದು ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಆಟ ಮುಂದುವರಿಯುತ್ತದೆ. ಆರನೇ ಸಲ ಹಿಡಿದರೆ ಚೆಂಡು ಎದುರಾಳಿಯ ಪಾಲು. ಆದ್ದರಿಂದ ಐದು ಟ್ಯಾಕಲ್ ಮುಗಿದ ಮೇಲೆ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದೆಯುತ್ತಾರೆ. ಪ್ರತಿ ಓಟಕ್ಕೆ ಎಂಟು ಮೀಟರ್ ಸಿಕ್ಕಿದರೆ ಒದೆಯುವುದು ಸುಮಾರು ಐವತ್ತು ಮೀಟರ್ ಗೆರೆಯಿಂದ. ಆರೇ ಮೀಟರ್ ಸಿಕ್ಕಿದರೆ ನಲವತ್ತರಿಂದ. ಮೊದಲನೆಯದರಲ್ಲಿ ಎದುರಾಳಿ ತನ್ನ ಗೋಲ್ ಗೆರೆಯ ಪಕ್ಕದಿಂದ ಶುರುಮಾಡಬೇಕು, ಎರಡನೆಯದರಲ್ಲಿ ಹತ್ತು ಮೀಟರ್ ಮುಂದಿನಿಂದ. ಒಂದು ಸರದಿಯಲ್ಲಿ ಹತ್ತು ಮೀಟರ್ ಏನೂ ಅಲ್ಲ. ಆದರೆ ಒಂದು ಪಂದ್ಯದಲ್ಲಿ ತಂಡಕ್ಕೆ ಇಂಥ ಸರದಿ ಸುಮಾರು 35ರಿಂದ 40 ಸಿಗುತ್ತವೆ. ಅರವತ್ತನೇ ನಿಮಿಷದ ಹೊತ್ತಿಗೆ ಇಡೀ ಪಂದ್ಯವೇ ನಿಮ್ಮ ಅಂಗಳದಲ್ಲಿ ನಡೆಯುತ್ತಿರುತ್ತದೆ.

ಆ ಎರಡು ಮೀಟರ್ ಎಲ್ಲಿಂದ ಬರುತ್ತದೆ? ದಪ್ಪ ಮೈಯ ಪ್ರಾಪ್ (ನಡುಮೈದಾನದಲ್ಲಿ ನುಗ್ಗುವ ಫಾರ್ವರ್ಡ್) ಒಬ್ಬ ಮೂರು ಜನರಿಗೆ ಡಿಕ್ಕಿ ಹೊಡೆದು ಬೀಳುವ ಕ್ಷಣ ಗಮನಿಸಿ. ಅವನಲ್ಲಿ ಕಸುವು ಇದ್ದರೆ ಮೊಣಕೈ, ಮೊಣಕಾಲ ಮೇಲೆ ಬೋರಲಾಗಿ ಬೀಳುತ್ತಾನೆ, ಮೂರು ಸೆಕೆಂಡಿನೊಳಗೆ ಎದ್ದು ಚೆಂಡು ಉರುಳಿಸುತ್ತಾನೆ. ದಣಿದಿದ್ದರೆ ಅವನನ್ನು ತಿರುಚಿ ಬೆನ್ನ ಮೇಲೆ ಕೆಡವುತ್ತಾರೆ. ಅಲ್ಲಿಂದ ಹೊರಳಿ ಏಳಲು ಇನ್ನೂ ಒಂದೆರಡು ಸೆಕೆಂಡು ಬೇಕು. ಪ್ರತಿ ಟ್ಯಾಕಲ್ ಆದ ಮೇಲೆ ರಕ್ಷಣೆಯ ಸಾಲು ಹತ್ತು ಮೀಟರ್ ಹಿಂದೆ ಸರಿಯಬೇಕೆಂಬುದು ನಿಯಮ. ಚೆಂಡು ಬೇಗ ಹೊರಬಂದರೆ ಅವರು ಇನ್ನೂ ಹಿಂದೆ ಹಿಂದೆ ನಡೆಯುತ್ತಿರುತ್ತಾರೆ, ಮುಂದಿನ ಓಟಗಾರ ಹಿಂಜರಿಯುವ ಸಾಲಿನ ಮೇಲೆ ನುಗ್ಗುತ್ತಾನೆ. ತಡವಾದರೆ ಅವರು ಸಾಲು ಕಟ್ಟಿ, ಎದುರು ಓಡಿಬಂದು ಬಡಿಯುತ್ತಾರೆ. ಆ ಎರಡು ಮೀಟರ್ ಈ ಒಂದೆರಡು ಸೆಕೆಂಡಿನಲ್ಲಿ ಅಡಗಿರುತ್ತದೆ.

ಈಗ ನಡುಮೈದಾನದ ಫಾರ್ವರ್ಡ್‌ಗಳಾದ ಫ್ಲೆಗ್ಲರ್ ಮತ್ತು ಪಲಾಸಿಯಾ ಹೋದದ್ದರ ಅರ್ಥ ತಿಳಿಯುತ್ತದೆ. 2024ರ ನಿಯಮದಲ್ಲಿ ಬೆಂಚಿನಲ್ಲಿ ನಾಲ್ಕು ಜನ, ಒಟ್ಟು ಎಂಟು ಬದಲಾವಣೆ. ಸಾಮಾನ್ಯ ಪ್ರಾಪ್ ಇಪ್ಪತ್ತು–ಇಪ್ಪತ್ತೈದು ನಿಮಿಷ ಪೂರ್ತಿ ಬಿರುಸಿನಿಂದ ಆಡಿ ಕೂರುತ್ತಾನೆ, ಆಮೇಲೆ ಇನ್ನೊಂದು ಸುತ್ತು ಬರುತ್ತಾನೆ. ಪೇನ್ ಹಾಸ್ ಅಂಥವರು ಅಪರೂಪ, ಅವರು ಅರವತ್ತು ನಿಮಿಷ ಮೀರಿ ಆಡಬಲ್ಲರು. ಆದರೆ ಅವರು ಉಸಿರು ಎಳೆದುಕೊಳ್ಳುವ ಆ ಇಪ್ಪತ್ತು ನಿಮಿಷದಲ್ಲಿ ಬೆಂಚಿನಿಂದ ಬರುವವನು ಯಾರು? 2023ರಲ್ಲಿ ಹಾಸ್, ಪ್ಯಾಟ್ ಕ್ಯಾರಿಗನ್, ಫ್ಲೆಗ್ಲರ್ ಮೂವರೂ ಸರದಿಯ ಮೇಲೆ ಭಾರ ಹೊರುತ್ತಿದ್ದರು. ಮರುವರ್ಷ ಭಾರವೆಲ್ಲ ಇಬ್ಬರ ಮೇಲೆ ಬಿತ್ತು, ಉಳಿದವರು ಇನ್ನೂ ಬಲಿಯದ ಹುಡುಗರು. ಅದರ ಮೇಲೆ ಹಾಸ್ ಗಾಯದಿಂದ ಕೆಲವು ವಾರ ಹೊರಗೆ ಕೂರಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ಹೋದ ಗೆಲುವುಗಳಲ್ಲಿ ದೊಡ್ಡ ಪಾಲು ಈ ನಡುಮೈದಾನದ ತೆಳುವಿಗೇ ಸೇರಬೇಕು.

ಇನ್ನೊಂದು ಪಾಲು ಎಡ ಅಂಚಿನದು. ಫಾರ್ನ್‌ವರ್ತ್ ಎಡ ಸೆಂಟರ್, ಕೇಪ್‌ವೆಲ್ ಅದೇ ಬದಿಯ ಎರಡನೇ ಸಾಲಿನ ಫಾರ್ವರ್ಡ್. ರಕ್ಷಣೆಯಲ್ಲಿ ಒಂದು ಅಂಚು ಎಂದರೆ ಒಳಗಿನಿಂದ ಹೊರಕ್ಕೆ ನಾಲ್ಕು ಜನ: ಹಾಫ್ (ಆಟ ನಡೆಸುವವನು), ಎರಡನೇ ಸಾಲಿನವನು, ಸೆಂಟರ್, ವಿಂಗರ್. ಎದುರಾಳಿ ಚೆಂಡನ್ನು ಬೀಸಿ ಅಂಚಿಗೆ ಕಳಿಸಿದಾಗ ಸೆಂಟರ್ ಒಳಗೆ ನುಗ್ಗಿ ಹಿಡಿಯಬೇಕೇ, ಅಥವಾ ತನ್ನ ಜಾಗದಲ್ಲೇ ನಿಂತು ಹೊರಗೆ ಸರಿಯಬೇಕೇ ಎಂಬುದನ್ನು ಅರ್ಧ ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅವನು ಏನು ಮಾಡುತ್ತಾನೋ ವಿಂಗರ್ ಅದಕ್ಕೆ ತಕ್ಕಂತೆ ನಡೆಯಬೇಕು. ಒಬ್ಬ ನುಗ್ಗಿ ಇನ್ನೊಬ್ಬ ನಿಂತರೆ ನಡುವೆ ಬಾಗಿಲು ತೆರೆದಂತೆಯೇ. ಇದು ಬಾಯಿಪಾಠದಿಂದ ಬರುವ ವಿದ್ಯೆಯಲ್ಲ, ಪಕ್ಕದವನ ಜೊತೆ ನಲವತ್ತು ಪಂದ್ಯ ಆಡಿದ ಮೇಲೆ ಬರುವಂಥದ್ದು. ನಾಲ್ವರಲ್ಲಿ ಇಬ್ಬರು ಒಂದೇ ಸಲ ಬದಲಾದಾಗ ಉಳಿದಿದ್ದ ಹಾಫ್ ಎಜ್ರಾ ಮಾಮ್ ಸಹ ಎಳೆಯ ಹುಡುಗ. ವಿಂಗರ್ ಗೆರೆಯ ಮೂಲೆಯಲ್ಲಿ ಟ್ರೈ (ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದು) ಬಿಟ್ಟಾಗ ಜನ ವಿಂಗರ್‌ನನ್ನೇ ಬೈಯುತ್ತಾರೆ. ಬಹುತೇಕ ಸಲ ತಪ್ಪು ಅವನಿಂದ ಎರಡು ಜಾಗ ಒಳಗೆ ಆಗಿರುತ್ತದೆ.

ಇನ್ನು ಗಾಯ. ‘ಎಲ್ಲ ತಂಡಗಳಿಗೂ ಗಾಯ ಇದ್ದದ್ದೇ’ ಎಂಬ ವಾದ ಅರ್ಧ ಮಾತ್ರ ಸರಿ. ಎಷ್ಟು ಜನಕ್ಕೆ ಎನ್ನುವುದಕ್ಕಿಂತ ಯಾವ ಜಾಗದವರಿಗೆ ಎನ್ನುವುದು ಮುಖ್ಯ. ಫುಲ್‌ಬ್ಯಾಕ್, ಎರಡು ಹಾಫ್, ಹುಕರ್, ಈ ನಾಲ್ವರನ್ನು ತಂಡದ ಬೆನ್ನುಮೂಳೆ ಎನ್ನುತ್ತಾರೆ. ಚೆಂಡು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವವರು ಅವರೇ. ಫುಲ್‌ಬ್ಯಾಕ್ ರೀಸ್ ವಾಲ್ಷ್‌ಗೆ ಸೀಸನ್ನಿನ ಮೂರನೇ ಸುತ್ತಿನಲ್ಲೇ ಮುಖದ ಮೂಳೆ ಮುರಿಯಿತು. ಹಾಫ್ ಆಡಮ್ ರೆನಾಲ್ಡ್ಸ್‌ಗೆ ತೋಳಿನ ಬೈಸೆಪ್ಸ್ ಹರಿದು ಶಸ್ತ್ರಚಿಕಿತ್ಸೆ ಆಯಿತು. ರೆನಾಲ್ಡ್ಸ್ ಇಲ್ಲದಿದ್ದರೆ ಆ ತಂಡದಲ್ಲಿ ಐದನೇ ಟ್ಯಾಕಲ್ ನಂತರ ಚೆಂಡನ್ನು ಅಳೆದು ಒದೆಯುವವರು ಯಾರೂ ಇರಲಿಲ್ಲ. ಮೇಲೆ ಹೇಳಿದ ಎರಡು ಮೀಟರ್ ಕೊರತೆಯನ್ನು ಒಳ್ಳೆಯ ಕಾಲು ಮುಚ್ಚಬಲ್ಲದು. ಕೊರತೆ ಇದ್ದಾಗಲೇ ಕಾಲೂ ಕೈಕೊಟ್ಟಿತು.

ಮೇ ಕೊನೆ ಅಥವಾ ಜೂನ್ ಬಂದರೆ ಸ್ಟೇಟ್ ಆಫ್ ಒರಿಜಿನ್. ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಮೂರು ಪಂದ್ಯಗಳು, 2024ರಲ್ಲಿ ಜೂನ್ 5, ಜೂನ್ 26, ಜುಲೈ 17. ಬ್ರಾಂಕೋಸ್‌ನ ಉತ್ತಮರೆಲ್ಲ ಅಲ್ಲಿಗೆ ಹೋಗುತ್ತಾರೆ, ಕ್ಲಬ್ಬು ಕೆಲವು ಪಂದ್ಯಗಳನ್ನು ಅವರಿಲ್ಲದೆ ಆಡಬೇಕು. ಹೋದವರು ಮರಳುವಾಗ ಮೈಯೆಲ್ಲ ನುಗ್ಗಾಗಿರುತ್ತದೆ. ಆ ವರ್ಷ ಮೊದಲ ಪಂದ್ಯದ ಆರಂಭದಲ್ಲೇ ತಲೆಗೆ ಪೆಟ್ಟು ಬಿದ್ದು ವಾಲ್ಷ್ ಪ್ರಜ್ಞೆ ತಪ್ಪಿದರು. ಅಂಥ ಪೆಟ್ಟಾದರೆ ಕನಿಷ್ಠ 11 ದಿನ ಆಡುವಂತಿಲ್ಲ, ಸರಿಯಾದ ನಿಯಮ. ಮೂವತ್ತನೆಯ ಆಟಗಾರನವರೆಗೂ ಗಟ್ಟಿಯಿರುವ ಕ್ಲಬ್‌ಗಳು ಈ ಆರು ವಾರವನ್ನು ದಾಟುತ್ತವೆ, ಹದಿನೈದಕ್ಕೇ ಮುಗಿಯುವ ಕ್ಲಬ್‌ಗಳು ಇಲ್ಲಿಯೇ ಜಾರುತ್ತವೆ.

ಹಾಗಾದರೆ ಕೋಚ್‌ದು ಏನೂ ತಪ್ಪಿಲ್ಲವೇ? ಇದೆ. 2020ರಲ್ಲಿ ಬ್ರಾಂಕೋಸ್ ತಮ್ಮ ಇತಿಹಾಸದಲ್ಲಿ ಮೊದಲ ಬಾರಿಗೆ ಪಟ್ಟಿಯ ಕೊನೆಗೆ ಬಿದ್ದಿದ್ದರು. ವಾಲ್ಟರ್ಸ್ ಅಲ್ಲಿಂದ ಎತ್ತಿಕೊಂಡು 14, 9, 2 ಎಂದು ಮೂರು ವರ್ಷದಲ್ಲಿ ಮೇಲಕ್ಕೆ ತಂದರು. ಆ ಕೆಲಸವನ್ನು ಮರೆಯುವುದು ಅನ್ಯಾಯ. ಆದರೆ 2024ರ ಕೊನೆಯ ಸುತ್ತಿನಲ್ಲಿ ತವರು ಮೈದಾನದಲ್ಲೇ ಮೆಲ್ಬರ್ನ್‌ಗೆ 50–12ರಿಂದ ಸೋತರು. ದಾಳಿ ಕೆಟ್ಟರೆ ಗಾಯ ಕಾರಣವಿರಬಹುದು. ರಕ್ಷಣೆಯಲ್ಲಿ ಐವತ್ತು ಅಂಕ ಸುರಿದರೆ ಅದಕ್ಕೆ ದೇಹದ ಸಿದ್ಧತೆ, ಅಭ್ಯಾಸದ ಶಿಸ್ತು, ಒಟ್ಟು ವ್ಯವಸ್ಥೆ ಹೊಣೆ. ಅವು ಕೋಚಿಂಗ್ ಕೋಣೆಗೆ ಸೇರಿದ ವಿಷಯ. ಇಂಥ ಸೋಲಿನ ನಂತರ ಆಡಳಿತ ಮಂಡಳಿ ಸುಮ್ಮನಿರುವುದು ಕಷ್ಟವೇ.

ಕೆಟ್ಟ ಸೀಸನ್ ಮುಗಿದ ಮೇಲೆ ಕ್ಲಬ್ಬಿನ ಮುಂದೆ ಇರುವ ದಾರಿಗಳಲ್ಲಿ ಕೋಚ್ ಬದಲಾವಣೆ ಎಲ್ಲರ ಕಣ್ಣಿಗೆ ಕಾಣುವಂಥದ್ದು, ಅಪಾಯವೂ ಅದರಲ್ಲೇ ಹೆಚ್ಚು. ಉಳಿದ ಒಪ್ಪಂದದ ಹಣ ಕೊಡಬೇಕು, ಸಹಾಯಕರೂ ಹೊರಡುತ್ತಾರೆ, ಹಳೆಯ ಆಟಕ್ಕೆಂದು ಕೊಂಡ ಆಟಗಾರರು ಹೊಸ ಆಟಕ್ಕೆ ಹೊಂದದೇ ಹೋಗಬಹುದು. ವೆಸ್ಟ್ಸ್ ಟೈಗರ್ಸ್ 2022ರ ಜೂನ್‌ನಲ್ಲಿ ಕೋಚ್‌ನನ್ನು ತೆಗೆದರು. ಆ ವರ್ಷವೂ ಕೊನೆಯ ಸ್ಥಾನ, ಟಿಮ್ ಶೀನ್ಸ್ ಬಂದ 2023ರಲ್ಲೂ ಕೊನೆಯ ಸ್ಥಾನ, ಬೆಂಜಿ ಮಾರ್ಷಲ್ ಬಂದ 2024ರಲ್ಲೂ ಕೊನೆಯ ಸ್ಥಾನ. ಪಟ್ಟಿಯಲ್ಲಿದ್ದ ಆಟಗಾರರ ಕೊರತೆಯನ್ನು ಕುರ್ಚಿಯಲ್ಲಿ ಕೂರುವವರು ತುಂಬಲಾಗಲಿಲ್ಲ. ಅಂದು ಟೈಗರ್ಸ್ ತೆಗೆದ ಕೋಚ್ ಯಾರು ಗೊತ್ತೇ? ಮೈಕಲ್ ಮಗ್ವಾಯರ್. 2025ರಲ್ಲಿ ಬ್ರಾಂಕೋಸ್‌ಗೆ ಕಪ್ ತಂದುಕೊಟ್ಟವರು ಅವರೇ. ಅವರ ವಿದ್ಯೆ ಮೂರು ವರ್ಷದಲ್ಲಿ ಅಷ್ಟೊಂದು ಬದಲಾಗಿರಲಿಲ್ಲ, ಬದಲಾದದ್ದು ಅವರ ಕೈಗೆ ಸಿಕ್ಕ ತಂಡ.

ತಾಳ್ಮೆಯ ದಾರಿಯೂ ಇದೆ. ಪೆನ್ರಿತ್ 2019ರಲ್ಲಿ ಹತ್ತನೇ ಸ್ಥಾನಕ್ಕೆ ಇಳಿದಾಗ ಕೋಚ್ ಐವನ್ ಕ್ಲೀರಿ ಅವರನ್ನು ಉಳಿಸಿಕೊಂಡಿತು. ಬದಲಿಗೆ ಹಿರಿಯ ಹಾಫ್ ಜೇಮ್ಸ್ ಮಲೋನಿಯನ್ನು ಬಿಟ್ಟು ಎಳೆಯರಾದ ನೇಥನ್ ಕ್ಲೀರಿ, ಜರೋಮ್ ಲುವಾಯಿಗೆ ತಂಡ ಒಪ್ಪಿಸಿ, ಹುಕರ್ ಏಪಿ ಕೊರೊಯ್ಸಾವು ಅವರನ್ನು ತಂದಿತು. 2020ರಲ್ಲಿ 20 ಸುತ್ತಿನಲ್ಲಿ ಸೋತದ್ದು ಒಂದೇ ಪಂದ್ಯ. 2021ರಿಂದ ಸತತ ನಾಲ್ಕು ಕಪ್. ಈ ದಾರಿಯ ಅಪಾಯ ಏನೆಂದರೆ, ಎಳೆಯರು ಅಂದುಕೊಂಡಷ್ಟು ಬೆಳೆಯದಿದ್ದರೆ ಎರಡು ವರ್ಷ ನೀರಿಗೆ ಬಿದ್ದಂತೆ, ಅಷ್ಟರಲ್ಲಿ ಒಳ್ಳೆಯವರು ಬೇರೆ ಕ್ಲಬ್ ನೋಡಿಕೊಂಡಿರುತ್ತಾರೆ.

ಬ್ರಾಂಕೋಸ್ ಕೋಚನ್ನು ಬದಲಿಸಿದರು, ಜೊತೆಗೆ ಸದ್ದಿಲ್ಲದೆ ಇನ್ನೂ ಕೆಲವು ಕೆಲಸ ಮಾಡಿದರು. ಬೆನ್ ಹಂಟ್‌ನನ್ನು ಮರಳಿ ಕರೆತಂದರು. 2025ರಲ್ಲಿ 35 ವರ್ಷದ ಆಟಗಾರ, ಹಾಫ್‌ನಲ್ಲೂ ಹುಕರ್ ಜಾಗದಲ್ಲೂ ನಿಲ್ಲಬಲ್ಲವರು, ರೆನಾಲ್ಡ್ಸ್ ಇಲ್ಲದ ದಿನ ಚೆಂಡು ಒದೆಯುವ ಇನ್ನೊಂದು ಕಾಲು. ವಯಸ್ಸಾದ ದೇಹದ ಮೇಲೆ ಹಣ ಹಾಕುವುದು ಅಪಾಯವೇ, ಎಳೆಯ ಹಾಫ್‌ಗೆ ಸಿಗಬೇಕಾದ ನಿಮಿಷಗಳನ್ನೂ ಅದು ತಿನ್ನುತ್ತದೆ. ಆದರೂ 2024ರ ಗಾಯಕ್ಕೆ ಅದು ಸರಿಯಾದ ಮದ್ದಾಗಿತ್ತು. ಗೆಹಮಾಟ್ ಶಿಬಾಸಾಕಿ ಬರೀ ಪರೀಕ್ಷಾರ್ಥ ಒಪ್ಪಂದದ ಮೇಲೆ ಅಭ್ಯಾಸಕ್ಕೆ ಬಂದು ಸೆಂಟರ್ ಜಾಗ ಗಿಟ್ಟಿಸಿದರು, ಅದೇ ವರ್ಷ ಕ್ವೀನ್ಸ್‌ಲೆಂಡ್ ಪರ ಆಡುವ ಮಟ್ಟಕ್ಕೆ ಬೆಳೆದರು. 2024ರಲ್ಲಿ ಬಲಿಯದಿದ್ದ ಫಾರ್ವರ್ಡ್‌ಗಳಿಗೆ ಒಂದು ವರ್ಷದ ಮೈ ಬಂದಿತ್ತು. ಅಂದರೆ ನಡುಮೈದಾನ, ಅಂಚು, ಒದೆಯುವ ಕಾಲು ಮೂರೂ ಕಡೆ ರಂಧ್ರ ಮುಚ್ಚಿತ್ತು. ಇಷ್ಟಾದರೂ ಆ ವರ್ಷದ ಮೇ ತಿಂಗಳಲ್ಲಿ ಸತತ ಸೋಲು ಬಂದೇ ಬಂತು. ಆಗಲೂ ಕೋಚ್ ಬೇಡ ಎಂದವರಿದ್ದರು.

ಕಪ್ ಗೆದ್ದ ದಾರಿಯನ್ನೂ ಅಳೆದು ನೋಡಿ. ಕ್ಯಾನ್ಬೆರಾ ಎದುರು ಹೆಚ್ಚುವರಿ ಸಮಯದಲ್ಲಿ 29–28. ಪೆನ್ರಿತ್ ಎದುರು 16–14. ಫೈನಲ್‌ನಲ್ಲಿ ಅರ್ಧಕ್ಕೆ 12–22ರಿಂದ ಹಿಂದಿದ್ದು ಮೆಲ್ಬರ್ನ್ ಎದುರು 26–22. ಮೂರೂ ಪಂದ್ಯ ಸೇರಿ ಅಂತರ ಏಳು ಅಂಕ. 2023ರ ಫೈನಲ್ ಸೋತದ್ದು ಎರಡು ಅಂಕದಿಂದ. ಹಳೆಯ ಕೋಚ್ ಕೆಟ್ಟವರು, ಹೊಸಬರು ಒಳ್ಳೆಯವರು ಎಂಬ ತೀರ್ಪು ಇಷ್ಟು ಸಣ್ಣ ಅಂತರದ ಮೇಲೆ ನಿಲ್ಲುವುದಿಲ್ಲ. ಮಗ್ವಾಯರ್ ತಂದ ಕಟ್ಟುನಿಟ್ಟು, ಕಠಿಣ ತಾಲೀಮು ಎರಡನೇ ಅರ್ಧದಲ್ಲಿ ತಿರುಗಿಬೀಳುವ ಶಕ್ತಿ ಕೊಟ್ಟಿತು ಎಂದು ನಾನು ನಂಬುತ್ತೇನೆ. ಅಷ್ಟು ಶ್ರೇಯ ಅವರಿಗೆ ಸಲ್ಲಲೇಬೇಕು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಟೀವಿ ಮುಂದೆ ತಿಳಿಯುವುದು ಹೇಗೆ. ಮಗನ ಕೈಗೆ ಒಂದು ನೋಟ್‌ಬುಕ್ ಕೊಡಿ. ಸ್ಕೋರ್ ಬರೆಯುವುದು ಬೇಡ. ನಿಮ್ಮ ತಂಡ ತನ್ನ ಇಪ್ಪತ್ತು ಮೀಟರ್ ಒಳಗಿನಿಂದ ಶುರುಮಾಡಿದ ಪ್ರತಿ ಸರದಿಯಲ್ಲಿ ಮೂರನೇ ಟ್ಯಾಕಲ್ ಯಾವ ಗೆರೆಯ ಹತ್ತಿರ ಆಯಿತು ಎಂದು ಬರೆಯಲಿ. ಮೈದಾನದಲ್ಲಿ ಹತ್ತು ಹತ್ತು ಮೀಟರ್‌ಗೆ ಗೆರೆ, ಸಂಖ್ಯೆ ಇರುವುದರಿಂದ ಕಷ್ಟವಿಲ್ಲ. ಮೂವತ್ತು ದಾಟುತ್ತಿದ್ದರೆ ನಡುಮೈದಾನ ಗಟ್ಟಿಯಿದೆ. ಆಟದ 25ರಿಂದ 40ನೇ ನಿಮಿಷದವರೆಗಿನ ಲೆಕ್ಕವನ್ನು ಬೇರೆಯಾಗಿ ಇಡಲಿ, ಬೆಂಚಿನವರು ಆಡುವ ಹೊತ್ತು ಅದು. ಆರಂಭದಲ್ಲಿ ಮೂವತ್ತು ದಾಟಿ, ಆ ಹೊತ್ತಿನಲ್ಲಿ ಇಪ್ಪತ್ತಕ್ಕೆ ಕುಸಿಯುತ್ತಿದ್ದರೆ 2024ರ ರೋಗ ಮರಳಿದೆ ಎಂದೇ ಅರ್ಥ. ಆಮೇಲೆ, ಐದನೇ ಟ್ಯಾಕಲ್ ಮುಟ್ಟುವ ಮೊದಲೇ ಚೆಂಡು ಕೈತಪ್ಪಿದ ಸರದಿಗಳಿಗೆ ಒಂದು ಗುರುತು ಹಾಕಲಿ. ಹತ್ತರಲ್ಲಿ ಎರಡು ಹೀಗೆ ಹೋಗುವುದು ಸಾಮಾನ್ಯ, ಮೂರು ದಾಟಿದರೆ ಆ ದಿನ ಗೆಲ್ಲುವುದು ಕಷ್ಟ. ಎದುರಾಳಿಯ ಟ್ರೈ ಎಲ್ಲ ಒಂದೇ ಬದಿಯಿಂದ ಬರುತ್ತಿದ್ದರೆ ಆ ಬದಿಯಲ್ಲಿ ಹೊಸಬರು ಯಾರು ಎಂದು ನೋಡಿ. ಅದು ಮೂರು–ನಾಲ್ಕು ವಾರದಲ್ಲಿ ಸರಿಹೋಗಬಹುದು.

ಕಡಿಮೆಯೆಂದರೆ ನಾಲ್ಕು ಪಂದ್ಯದ ಲೆಕ್ಕ ಕೂಡಿದ ಮೇಲೆ ನೋಡಿ, ಒಂದೆರಡು ಪಂದ್ಯದ ಮೇಲೆ ಏನನ್ನೂ ಹೇಳಬೇಡಿ. ಒರಿಜಿನ್ ವಾರಗಳ ಪಂದ್ಯವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.